ಎರಡನೇ ಚರಣದ ತಾಯಿ

ಟೋಕಿಯೊ
9 ಮೇ 2023

ಶ್ರೀ ತೆತ್ಸುಯಾ ಮಕಿತಾ ಅವರಿಗೆ,

ಹೊಸ ಚಿಗುರು ಕಣ್ಣು ತುಂಬುವ ಈ ದಿನಗಳಲ್ಲಿ ತಾವೂ ಮನೆಯವರೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ.

ನಮ್ಮ ಸಂಸ್ಥೆ ಈ ಚಳಿಗಾಲಕ್ಕೆ ಎರಡು ಸಿಡಿಗಳ ಸಂಕಲನವೊಂದನ್ನು ತರುತ್ತಿದೆ. ಈಗ ಮೂವತ್ತು ದಾಟಿ ನಲವತ್ತರ ಕಡೆ ನಡೆಯುತ್ತಿರುವವರು ತಮ್ಮ ಹರೆಯದಲ್ಲಿ ಕೇಳಿದ ಹಿಪ್-ಹಾಪ್ ಹಾಡುಗಳು ಇದರಲ್ಲಿರುತ್ತವೆ. ಮೊದಲ ಸಿಡಿಯಲ್ಲಿ ಅಮೆರಿಕ, ಫ್ರಾನ್ಸ್, ಕೊರಿಯಾದವು. ಎರಡನೆಯದರಲ್ಲಿ ನಮ್ಮ ಜಪಾನಿನವು. ಎರಡನೆಯದರ ಹನ್ನೊಂದನೇ ಹಾಡಾಗಿ 'ಹೊಗೆಮನೆ' ಜೋಡಿಯ 'ಬೆಳಗಿನ ಜೆಟ್ಟಿ' (2006) ಆಯ್ಕೆಯಾಗಿದೆ. ಒಪ್ಪಿಗೆ ಪತ್ರದ ಎರಡು ಪ್ರತಿಗಳನ್ನು ಇಟ್ಟಿದ್ದೇನೆ. ತಮ್ಮ ಮೊಹರು ಒತ್ತಿ ಒಂದನ್ನು ಹಿಂದಿರುಗಿಸಬೇಕಾಗಿ ವಿನಂತಿ. ಹಾಡಿದವರು ಇಬ್ಬರೇ ಆದ್ದರಿಂದ ಬೇಕಾದ ಮೊಹರೂ ಎರಡೇ. ಇನ್ನೊಂದನ್ನು ನಾನು ಒತ್ತಿದ್ದೇನೆ.

ಹನ್ನೆರಡು ವರ್ಷದ ಮೇಲೆ ಬರೆಯುತ್ತಿದ್ದೇನೆ, ಅದೂ ಹೀಗೆ. ಆಫೀಸಿನ ಕಾಗದ ಮುಂದಿದ್ದರೆ ಬೇರೆ ರೀತಿ ಬರೆಯಲು ಕೈ ಬರುವುದಿಲ್ಲ ತೆತ್ಸು, ಕ್ಷಮಿಸು. ಹಾಡನ್ನು ಆರಿಸಿದವನು ನಾನಲ್ಲ. ನಮ್ಮ ವಿಭಾಗದ ನಾನಾಸೆ ಎಂಬ ಹುಡುಗಿ ಎಲ್ಲೋ ಹುಡುಕಿ ತಂದಳು. ಹಾಡಿದವರಲ್ಲಿ ಒಬ್ಬ ಎದುರು ಮೇಜಿನಲ್ಲೇ ಕೂತಿದ್ದಾನೆಂದು ಅವಳಿಗೆ ಗೊತ್ತಿರಲಿಲ್ಲ. ಎರಡನೇ ಚರಣ ಕೇಳುವಾಗ ಕಣ್ಣೀರು ತಡೆಯಲಾಗಲಿಲ್ಲವಂತೆ. ಊಟದ ಹೊತ್ತಿನಲ್ಲಿ ಎಲ್ಲರಿಗೂ ಹೇಳಿದಳು.

ತೊಮಿಯೆ ಅಮ್ಮನವರಿಗೆ ನನ್ನ ನಮಸ್ಕಾರ.

ಶುನ್ಪೇ ಒಗಿವಾರಾ


ಯಾಯಿಜು
16 ಮೇ 2023

ಶುನ್ಪೇ,

ಏನೋ ಇದು, 'ಶ್ರೀ' ಅಂತೆ, 'ತಾವು' ಅಂತೆ! ಲಕೋಟೆ ಒಡೆದ ನನ್ನ ಹೆಂಡತಿ ಮಿಹೊ ಯಾರೋ ವಕೀಲರು ನೋಟಿಸು ಕೊಟ್ಟಿದ್ದಾರೆಂದು ಹೆದರಿ, ಮೀನು ಒಣಗಿಸುವ ಹೊಗೆಯಲ್ಲಿ ನಿಂತಿದ್ದ ನನ್ನ ಹತ್ತಿರ ಏಪ್ರನ್ನಿನಲ್ಲೇ ಓಡಿ ಬಂದಳು. ಮೀನಿನ ತಟ್ಟೆ ಕೆಳಗಿಟ್ಟು ಅಲ್ಲೇ ಓದಿದೆ. ಹೊಗೆಗೆ ಕಣ್ಣು ಉರಿಯುತ್ತಿದೆ ಎಂದು ಎಲ್ಲರಿಗೂ ಸುಳ್ಳು ಹೇಳಿದೆ.

ಮೊಹರು ಒತ್ತಿದ್ದೇನೆ. ಮೊದಲ ಪ್ರತಿಯಲ್ಲಿ ವಾರೆಯಾಯಿತು, ಆದ್ದರಿಂದ ಎರಡನೆಯದನ್ನು ಕಳಿಸುತ್ತಿದ್ದೇನೆ. ನಮ್ಮಲ್ಲಿ ಕೆಲಸಕ್ಕೆ ಬರುವ ಏಳು ಹೆಂಗಸರಿಗೂ ಹೇಳಿಯಾಯಿತು. ಮಗಳು ಕೊಹಾರುಗೆ ಒಂಬತ್ತು ವರ್ಷ. ಅಪ್ಪನ ಹಾಡು ಸಿಡಿಯಲ್ಲಿ ಬರುತ್ತದೆ ಎಂದರೆ, ಮೀನಿನ ಜಾಹೀರಾತಾ ಎಂದು ಕೇಳುತ್ತಾಳೆ. ಇವಳಿಗೆ ತೋರಿಸುವಂಥದ್ದೆಂದು ಈ ಮೂವತ್ತೆಂಟು ವರ್ಷದಲ್ಲಿ ನಾನು ಮಾಡಿರುವುದು ಆ ಹಾಡೊಂದೇ ಕಣೋ. ಬೇಗ ತಾ.

ಅಮ್ಮನಿಗೆ ನಿನ್ನ ಪತ್ರ ಓದಿ ಹೇಳಿದೆ. 'ಶುನ್-ಚಾನ್ ಹೊಟ್ಟೆ ತುಂಬ ಊಟ ಮಾಡ್ತಾನಂತಾ?' ಎಂದು ಮೊದಲು ಕೇಳಿದಳು. ಆಮೇಲೆ, ಒಂದು ವಿಷಯ ಕೇಳಿ ಬರಿ ಎಂದಳು. ನಿನ್ನ ತಾಯಿ ಹೋದದ್ದು ನಿನಗೆ ಹದಿನಾರಾದಾಗ ಎಂದು ಹಾಡಿನಲ್ಲಿದೆ. ಅಮ್ಮ ಬೆರಳು ಮಡಚಿ ನೋಡಿದ್ದಾಳೆ. ತೀರಿಹೋದ ವರ್ಷವನ್ನೂ ಎಣಿಸಿದರೆ ಈ ವರ್ಷ ಅವರ ಇಪ್ಪತ್ಮೂರನೆಯ ತಿಥಿ ಮಾಡಬೇಕು. ನಿಮ್ಮ ಮನೆಯಲ್ಲಿ ಗಂಡಸರಷ್ಟೇ ಉಳಿದದ್ದು, ಯಾರಿಗೂ ನೆನಪಿರುವುದಿಲ್ಲ ಎಂಬುದು ಅವಳ ಚಿಂತೆ. ದೇವಸ್ಥಾನದ ಗುರುಗಳಿಗೆ ಹೇಳಿಟ್ಟಿದ್ದಾಳೆ. ತಿಂಗಳು, ದಿನ ನೀನು ಯಾವತ್ತೂ ಹೇಳಿರಲಿಲ್ಲ. ಅದಷ್ಟು ತಿಳಿಸು, ಮಿಕ್ಕಿದ್ದು ನಾವು ನೋಡಿಕೊಳ್ಳುತ್ತೇವೆ.

ಎಡೆ ಇಡುವುದು ಒಂದು ದಿನವೂ ತಪ್ಪಿಲ್ಲ, ಅದನ್ನೂ ಬರಿ ಎಂದಳು. ನಮ್ಮ ಹಿರಿಯರ ಗೂಡಿನಲ್ಲಿ ಅಪ್ಪನ ಹೆಸರಿನ ಫಲಕದ ಪಕ್ಕ ನೀನು ಅವತ್ತು ಕುಂಚದಲ್ಲಿ ಬರೆದುಕೊಟ್ಟ ಕಾಗದವಿದೆ: 'ಒಗಿವಾರಾ ಚಿಜುಕೊ'. ಬೆಳಗ್ಗೆ ಅಪ್ಪನಿಗೊಂದು ಬಟ್ಟಲು ಅನ್ನ, ಅವರಿಗೊಂದು. ಓಬೊನ್ ಹಬ್ಬದಲ್ಲಿ ತೀರಿಹೋದ ಹಿರಿಯರನ್ನು ಮನೆಗೆ ಕರೆತರಲು ಸೌತೆಕಾಯಿಗೆ ಕಡ್ಡಿ ಚುಚ್ಚಿ ಮಾಡುವ ಕುದುರೆ ಅಪ್ಪನಿಗೊಂದು, ಅವರಿಗೊಂದು. ಅವರ ಕುದುರೆಗೆ ಬಲಿತ ಸೌತೆಯನ್ನೇ ಹುಡುಕುತ್ತಾಳೆ. ಅಪ್ಪ ದೋಣಿಯವನು, ಹೇಗಾದರೂ ಬಂದುಬಿಡುತ್ತಾನಂತೆ.

ತೆತ್ಸು


ಟೋಕಿಯೊ
20 ಜೂನ್ 2023

ತೆತ್ಸುಯಾ,

ಮೊಹರಿನ ಪ್ರತಿ ತಲುಪಿತು. ಉತ್ತರ ತಡವಾಯಿತು, ಕೆಲಸ ಜಾಸ್ತಿ.

ಹಾಡಿನ ವಿಚಾರದಲ್ಲಿ ಸಣ್ಣ ತೊಡಕಿದೆ. ಆಗ ನಾವು ರೆಕಾರ್ಡ್ ಮಾಡಿದ್ದು ನಿನಗೆ ಗೊತ್ತಲ್ಲ, ನನ್ನ ಕೋಣೆಯ ಬಟ್ಟೆ ಕಪಾಟಿನೊಳಗೆ. ಈಗಿನ ಸಿಡಿಗೆ ಧ್ವನಿಯ ಗುಣಮಟ್ಟ ಸಾಲದೆನ್ನುತ್ತಿದ್ದಾರೆ. ಹಾಗಾಗಿ ಹನ್ನೊಂದನೇ ಹಾಡನ್ನು ಕೈಬಿಡುವುದು ಒಳ್ಳೆಯದೆಂದು ನನಗೂ ಅನಿಸುತ್ತಿದೆ. ಮೂವತ್ತು ದಾಟಿದವರು ಕೊಂಡು ಕೇಳುವುದು ಆಗ ಎಲ್ಲೆಲ್ಲೂ ಕೇಳಿಬರುತ್ತಿದ್ದ ಹಾಡುಗಳನ್ನು. ನಮ್ಮದನ್ನು ಕೇಳಿದ್ದವರು ಶಿಜುಓಕಾ ನಿಲ್ದಾಣದ ಮುಂದೆ ನಿಲ್ಲುತ್ತಿದ್ದ ನಲವತ್ತು ಜನ ಅಷ್ಟೇ.

ತಿಥಿಯ ವಿಷಯ ಬಿಟ್ಟುಬಿಡು. ಅಮ್ಮನವರಿಗೆ ಈ ವಯಸ್ಸಿನಲ್ಲಿ ತೊಂದರೆ ಯಾಕೆ? ನಮ್ಮ ಕಡೆ ಅದನ್ನೆಲ್ಲ ಅಷ್ಟಾಗಿ ಮಾಡುವುದಿಲ್ಲ.

ಶುನ್ಪೇ


ಯಾಯಿಜು
24 ಜೂನ್ 2023

ಒಗಿವಾರಾ ಅವರಿಗೆ,

ನನ್ನ ಚರಣ ಹಳಸಿದ್ದರೆ ಹಾಗೆಂದು ಬರೆಯಬೇಕಿತ್ತು. ಗುಣಮಟ್ಟ, ಕಪಾಟು ಎಂದೆಲ್ಲ ಸುತ್ತಿ ಬಳಸಿ ಯಾಕೆ? ನಿನ್ನ ಎರಡನೇ ಚರಣಕ್ಕೆ ಟೋಕಿಯೊದ ಹುಡುಗಿ ಅತ್ತಳು. ನನ್ನ ಮೊದಲ ಚರಣಕ್ಕೆ ಯಾರೂ ಅತ್ತಂತಿಲ್ಲ. ಮೀನಿನವನ ಬಾಯಿಂದ ನಿನ್ನ ಸಿಡಿಗೆ ವಾಸನೆ ಹತ್ತುತ್ತದೆ ಎಂದು ಭಯವಿರಬೇಕು. ನನ್ನ ಮದುವೆಯಲ್ಲೂ ನೀನು ಊಟ ಮುಗಿಯುವ ಮೊದಲೇ ಎದ್ದು ರೈಲು ಹಿಡಿದೆ. ಅಮ್ಮ ನಿನ್ನನ್ನು ಮನೆಯವರ ಸಾಲಿನಲ್ಲಿ, ತನ್ನ ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. 'ಇವನಿಗೆ ತಾಯಿಲ್ಲ, ಇವತ್ತಿಗೆ ನಾನೇ' ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಆ ಖಾಲಿ ಕುರ್ಚಿಯ ಬಗ್ಗೆ ಕೇಳಿದವರಿಗೆ ಅವಳು ಏನೆಂದು ಉತ್ತರ ಕೊಟ್ಟಳೋ ನಾನು ಈವರೆಗೆ ಕೇಳಿಲ್ಲ.

ಹಾಡು ಬಿಡುವುದಾದರೆ ಬಿಡು. ಏಳು ಹೆಂಗಸರಿಗೆ ಏನು ಹೇಳಬೇಕೋ ನಾನು ಹೇಳಿಕೊಳ್ಳುತ್ತೇನೆ.

ಆದರೆ ಸತ್ತ ತಾಯಿಯ ವಿಷಯದಲ್ಲಿ 'ಬಿಟ್ಟುಬಿಡು' ಎಂದು ಬರೆಯಲು ನಿನಗೆ ಕೈ ಹೇಗೆ ಬಂತು? ನೀನು ದಿನ ತಿಳಿಸದಿದ್ದರೆ ಓಬೊನ್ ಶುರುವಾಗುವ ಆಗಸ್ಟ್ 13ಕ್ಕೇ ಮಾಡಿಸುವುದಾಗಿ ಅಮ್ಮ ಗುರುಗಳಿಗೆ ಮಾತು ಕೊಟ್ಟಿದ್ದಾಳೆ. ಇಷ್ಟು ನಿನ್ನ ಗಮನಕ್ಕೆ.

ಮಕಿತಾ


ಟೋಕಿಯೊ
2 ಜುಲೈ 2023

ತೆತ್ಸು,

ನಿನ್ನ ಚರಣಕ್ಕೆ ಏನೂ ಆಗಿಲ್ಲ. ಈಗಲೂ ಅದನ್ನು ಕೇಳಿದರೆ ನನಗೆ ನಿನ್ನ ಅಪ್ಪನ ದೋಣಿ ಹಿಂದಿರುಗದ ಆ ಬೆಳಗು ಕಣ್ಣಿಗೆ ಕಟ್ಟುತ್ತದೆ. ನಾನು ಮುಚ್ಚಿಡಲು ನೋಡಿದ್ದು ನನ್ನ ಚರಣವನ್ನು.

ನನ್ನ ತಾಯಿ ಸತ್ತಿಲ್ಲ.

ಅರವತ್ತಾರು ವರ್ಷ, ಕವಾಗೊಎಯಲ್ಲಿ ಅಪ್ಪನ ಜೊತೆ ಇದ್ದಾಳೆ. ಗುರುವಾರ ಟೇಬಲ್ ಟೆನಿಸ್ ಆಡಲು ಹೋಗುತ್ತಾಳೆ. ನಿನ್ನೆ ಫೋನು ಮಾಡಿ ಮೊಣಕಾಲು ಹಿಡಿದುಕೊಂಡಿದೆ ಎಂದಳು. ಅವಳ ಹೆಸರು ಚಿಜುಕೊ ಎಂಬುದು ಮಾತ್ರ ನಿಜ.

ಹೇಗಾಯಿತೆಂದು ಬರೆಯುತ್ತೇನೆ, ಸಮಜಾಯಿಷಿ ಎಂದುಕೊಳ್ಳಬೇಡ. ನಾವು ಮೊದಲು ಕೇಳುತ್ತಿದ್ದದ್ದೆಲ್ಲ ಹೊರಗಿನ ಹಾಡುಗಳು. ನಿಘಂಟು ಹಿಡಿದು ಒಂದೊಂದು ಸಾಲು ಬಿಡಿಸುತ್ತಿದ್ದೆವು. ಗುಂಡೇಟಿಗೆ ಅಣ್ಣನನ್ನು ಕಳೆದುಕೊಂಡವನು, ಜೈಲಿಗೆ ಹೋದ ಅಪ್ಪನಿಗೆ ಕಾಯುವವನು. ನೀನು ಒಂದು ನಿಯಮ ಮಾಡಿದೆ: ತನಗೆ ಆಗದ್ದನ್ನು ಆಯಿತು ಎಂದು ಹಾಡುವವನು ಕಳ್ಳ. ನಿನಗೆ ಹಾಡಲು ನಿನ್ನ ಅಪ್ಪ ಇದ್ದ. ನಾನು ಹಲ್ಲಿನ ಡಾಕ್ಟರ ಮಗ. ಏಳು ವರ್ಷ ಪಿಯಾನೊ ಪಾಠ, ಹಲ್ಲಿಗೆ ತಂತಿ, ಬೇಸಿಗೆಯಲ್ಲಿ ಬೆಟ್ಟದ ಮನೆ. ಶುಕ್ರವಾರ ರೆಕಾರ್ಡಿಂಗು, ಗುರುವಾರ ಸಂಜೆಯವರೆಗೆ ನನ್ನ ಹದಿನಾರು ಸಾಲು ಖಾಲಿ. ಕಾಲೇಜಿನ ಲೈಬ್ರರಿಯಲ್ಲಿ ಕೂತು ಇಪ್ಪತ್ತು ನಿಮಿಷದಲ್ಲಿ ತಾಯಿಯನ್ನು ಸಾಯಿಸಿದೆ. ಹಾಡಿದ ಮೇಲೆ ಹೇಳಿಬಿಡಬೇಕೆಂದಿದ್ದೆ. ನೀನು ಹೆಡ್‌ಫೋನ್ ತೆಗೆದಿಟ್ಟು ನನ್ನನ್ನು ತಬ್ಬಿಕೊಂಡೆ. ಆಗ ಬಾಯಿ ಕಟ್ಟಿತು.

ಮರುವಾರದಿಂದ ನಿಮ್ಮ ಅಮ್ಮ ನನಗೂ ಬುತ್ತಿ ಕಟ್ಟತೊಡಗಿದರು. ಮೊಟ್ಟೆಯ ಸುರುಳಿ ಸಿಹಿಯಾಗಿರುತ್ತಿತ್ತು. ನಿನ್ನದು ಉಪ್ಪಿನದು, ನನ್ನದು ಮಾತ್ರ ಸಿಹಿ, ಯಾಕೆಂದರೆ ತಾಯಿ ಇಲ್ಲದ ಮಗು. ಎರಡು ವರ್ಷ ತಿಂದೆ. ರುಚಿಯಾಗಿಯೇ ಇತ್ತು, ಅದನ್ನು ಬರೆಯುವಾಗಲೂ ನಾಚಿಕೆಯಾಗುತ್ತಿದೆ. ಆ ವರ್ಷದ ಓಬೊನ್‌ನಲ್ಲಿ ಅವರು ಕುಂಚ, ಕಾಗದ ಮುಂದಿಟ್ಟು ಹೆಸರು ಬರೆಯಪ್ಪ ಎಂದಾಗ ಸುಳ್ಳು ಹೆಸರು ಬರೆಯಬಹುದಿತ್ತು. ಆಮೇಲೆ ಮರೆತು ಸಿಕ್ಕಿಬೀಳುತ್ತೇನೆಂದು ಹೆದರಿ ನಿಜವಾದದ್ದನ್ನೇ ಬರೆದೆ. ಅಷ್ಟು ಲೆಕ್ಕಾಚಾರ ನನ್ನಲ್ಲಿತ್ತು.

ನಿನ್ನ ಮದುವೆಯಲ್ಲಿ ಎದ್ದು ಹೋದದ್ದು ವಾಸನೆಗಲ್ಲ. ನಿಮ್ಮ ಅಮ್ಮ 'ಇವತ್ತಿಗೆ ನಾನೇ' ಎನ್ನುತ್ತಿದ್ದ ಹೊತ್ತಿಗೇ ನನ್ನ ಜೇಬಿನಲ್ಲಿ ಫೋನು ಅದುರಿತು. ಊಟ ಹೇಗಿದೆ ಎಂದು ನನ್ನ ಅಮ್ಮ ಸಂದೇಶ ಕಳಿಸಿದ್ದಳು.

ಆಗಸ್ಟ್ 13ಕ್ಕೆ ತಿಥಿ ಮಾಡಿಸಬೇಡ. ನಿಮ್ಮ ಅಮ್ಮನಿಗೆ ಏನು ಹೇಳಬೇಕೆಂದು ನನಗೆ ತಿಳಿಯದು. ನೀನು ಹೇಳಿದಂತೆ ಮಾಡುತ್ತೇನೆ.

ಶುನ್ಪೇ


ಯಾಯಿಜು
1 ಆಗಸ್ಟ್ 2023

ಶುನ್ಪೇ,

ಒಂದು ತಿಂಗಳಾಯಿತು. ಮೂರು ಪತ್ರ ಬರೆದು ಹೊಗೆಯ ಒಲೆಗೆ ಹಾಕಿದೆ. ಅದರಲ್ಲಿದ್ದ ಬೈಗುಳ ಮೀನಿಗೆ ಹತ್ತದಿದ್ದರೆ ಸಾಕು.

ನಿಯಮ ಮಾಡಿದವನು ನಾನು, ಒಪ್ಪಿಕೊಳ್ಳುತ್ತೇನೆ. ನನಗಾದದ್ದೊಂದಿತ್ತು, ಹಾಗಾಗಿ ನಿಯಮ ಮಾಡುವುದು ನನಗೆ ಸುಲಭವಿತ್ತು. ನಿನ್ನ ಬೆಟ್ಟದ ಮನೆಯ ಬಗ್ಗೆ ಹಾಡಿದ್ದರೆ ನಾನು ನಗುತ್ತಿದ್ದೆ, ಅದೂ ನಿಜ. ಆದರೆ ಅಲ್ಲಿಂದಾಚೆಗಿನ ಹದಿನೇಳು ವರ್ಷದ ಸುಳ್ಳು ನಿನ್ನದು.

ಅಮ್ಮನಿಗೆ ಹೇಳಿಲ್ಲ. ಹೇಳಲು ಎರಡು ಸಲ ಹೋದೆ. ನೀನು ಅರ್ಥ ಮಾಡಿಕೊಳ್ಳಬೇಕಾದದ್ದು ಬುತ್ತಿ, ಅನ್ನದ ಬಟ್ಟಲು ಅಲ್ಲ. ಗೂಡಿನ ಮುಂದೆ ಅವಳು ಅಪ್ಪನ ಹತ್ತಿರ ಮಾತಾಡುವುದಿಲ್ಲ. ಗಂಟೆ ಬಾರಿಸಿ, ಕೈ ಮುಗಿದು, ಅಷ್ಟಕ್ಕೆ ಮುಗಿಯಿತು. ಆಮೇಲೆ ಚಿಜುಕೊ ಅವರ ಕಾಗದದ ಕಡೆ ತಿರುಗಿ ಕೂರುತ್ತಾಳೆ. ಮೂತ್ರ ತಡೆಯಲಾಗುತ್ತಿಲ್ಲ ಎಂದು ಅಮ್ಮ ನಮಗೆ ಯಾರಿಗೂ ಹೇಳಲಿಲ್ಲ, ಅವರಿಗೆ ಹೇಳಿದಳು. ಮಿಹೊ ಮಾಡುವ ಸಾರು ಇಳಿಯುವುದಿಲ್ಲ, ಆದರೆ ಹುಡುಗಿ ಒಳ್ಳೆಯವಳು ಎಂದು ಅವರಿಗೆ ಹೇಳಿದಳು. ಅಪ್ಪ ಹೋಗುವ ಹಿಂದಿನ ದಿನ ಅವನ ಜೊತೆ ಜಗಳವಾಡಿದ್ದೆ ಎಂದು ಹೇಳಿದಳು. ಅಪ್ಪನ ಬಗ್ಗೆ ಹಾಡು ಬರೆದ ನನಗೇ ಅದು ಗೊತ್ತಿರಲಿಲ್ಲ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಅವಳಿಗೆ ಇರುವ ಸ್ನೇಹಿತೆ ನಿನ್ನ ತಾಯಿ ಒಬ್ಬರೇ. ಸತ್ತವರಲ್ಲವಾ, ಯಾರಿಗೂ ಹೇಳುವುದಿಲ್ಲ ಎಂಬ ಧೈರ್ಯ.

ಈಗ ನಾನು ಹೋಗಿ, ಅಮ್ಮ, ಆಕೆ ಗುರುವಾರ ಟೇಬಲ್ ಟೆನಿಸ್ ಆಡುತ್ತಾರೆ ಎನ್ನಬೇಕು. ನನ್ನ ಕೈಲಾಗುವುದಿಲ್ಲ. ಹದಿಮೂರರೊಳಗೆ ನೀನೇ ಬಾ. ಬಂದು ನೀನೇ ಹೇಳು.

ತೆತ್ಸು


ಯಾಯಿಜು
20 ಆಗಸ್ಟ್ 2023

ಶುನ್ಪೇ,

ನೀನು ಹನ್ನೊಂದರಂದು ಬಂದು ಹೋದ ಮೇಲೆ ಬರೆಯಬೇಕೆಂದಿದ್ದೆ. ಹಬ್ಬ ಮುಗಿಯಲಿ ಎಂದು ಕಾದೆ.

ನೀನು ಹೇಳುವಷ್ಟು ಹೊತ್ತೂ ಹಣೆ ಚಾಪೆಗೆ ಒತ್ತಿಕೊಂಡಿದ್ದೆ, ಅಮ್ಮನ ಮುಖ ನೋಡಲಿಲ್ಲ. ನಾನು ನೋಡಿದೆ. ತಾಯಿ ಬದುಕಿದ್ದಾಳೆ ಎಂದು ನೀನು ಹೇಳಿದ ಗಳಿಗೆಯಲ್ಲಿ ಅವಳ ಮುಖ ಅರಳಿತು ಕಣೋ. ಕೋಪ, ಆಶ್ಚರ್ಯ ಎಲ್ಲಕ್ಕಿಂತ ಮೊದಲು ಬಂದದ್ದು ಸಂತೋಷ. ಈ ಮಗುವಿಗೆ ತಾಯಿ ಇದ್ದಾಳೆ ಎಂಬ ಸಂತೋಷ. ಅದು ನಿನಗೆ ಕಾಣಲಿಲ್ಲ, ನೀನು ಅದನ್ನು ತಿಳಿದಿರಬೇಕು ಎಂದೇ ಈ ಪತ್ರ. ಆಮೇಲೆ ಅವಳ ಕಣ್ಣು ಗೂಡಿನ ಕಡೆ ಹೋಯಿತು. ಎರಡು ಬಟ್ಟಲಿನಲ್ಲೂ ಬೆಳಗಿನ ಅನ್ನ ಹಾಗೇ ಇತ್ತು. ಮುಖದ ಬಣ್ಣ ಇಳಿಯಿತು. ಕೂತಿದ್ದ ದಿಂಬಿನಿಂದ ಕೆಳಗೆ ಸರಿದು, ಎರಡೂ ಕೈ ನೆಲಕ್ಕೂರಿ ನಿನಗೆ ತಲೆ ಬಾಗಿಸಿದಳು. ನೀನು ತಲೆ ಎತ್ತಿದಾಗ ಕಂಡದ್ದು ಅವಳ ನೆತ್ತಿಯ ಬಿಳಿ ಕೂದಲು ಅಷ್ಟೇ. 'ತಪ್ಪಾಯ್ತಪ್ಪ. ಬದುಕಿರೋ ನಿಮ್ಮಮ್ಮಂಗೆ ನಾನು ಎಂಥಾ ಅಪಶಕುನ ಮಾಡಿಬಿಟ್ಟೆ.' ಆ ಮಾತು ನೀನೂ ಕೇಳಿದೆ.

ನೀನು ಹೆಸರು ಬರೆದ ಕಾಗದವನ್ನು ಅವತ್ತೇ ದೇವಸ್ಥಾನಕ್ಕೆ ಒಯ್ದಳು. ಗುರುಗಳು ಮಂತ್ರ ಹೇಳಿ ಸುಟ್ಟರು, ಏನೂ ಆಗುವುದಿಲ್ಲ ತಾಯಿ ಎಂದರು. ಅವಳು ನಂಬಿಲ್ಲ. ಚಿಜುಕೊ ಅವರ ಮೊಣಕಾಲು ನೋವು ತನ್ನ ಎಡೆಯಿಂದಲೇ ಎಂದು ಕೂತಿದ್ದಾಳೆ. ಆ ಮೊಣಕಾಲಿನ ಸುದ್ದಿ ನೀನು ಯಾಕೆ ಹೇಳಿದೆಯೋ. ಹದಿನಾಲ್ಕನೇ ತಾರೀಕು ಕೈ ತಪ್ಪಿ ಎರಡು ಬಟ್ಟಲಿಗೆ ಬಡಿಸಿದಳು. ಒಂದನ್ನು ಅಡುಗೆಮನೆಯಲ್ಲಿ ನಿಂತು ತಾನೇ ತಿಂದಳು. ಈಗ ಗೂಡಿನ ಮುಂದೆ ಕೂತು ಮಾತಾಡುವುದಿಲ್ಲ.

ನಿನ್ನ ಮೇಲೆ ಅವಳಿಗೆ ಕೋಪ ಬರಲೇ ಇಲ್ಲ. ಅವಳ ಪಾಲಿನದೂ ನನಗೇ ಬರುತ್ತಿದೆ. ಇನ್ನೂ ಸ್ವಲ್ಪ ದಿನ ಬರಲಿ.

ಜೊತೆಯಲ್ಲಿ ಇನ್ನೊಂದು ಲಕೋಟೆ ಇದೆ. ನಿನ್ನ ತಾಯಿಗೆ ಅಮ್ಮ ಬರೆದ ಕ್ಷಮಾಪಣೆ. ಅಂಚೆಗೆ ಹಾಕೋಣ ಎಂದರೆ ಬೇಡ ಎಂದಳು. ಗೊತ್ತಿಲ್ಲದವರಿಂದ ಇಂಥ ಪತ್ರ ಬಂದರೆ ಅವರು ಹೆದರುತ್ತಾರೆ, ಮಗನೇ ಪಕ್ಕದಲ್ಲಿರಲಿ ಎಂದಳು. ನೀನೇ ಒಯ್ದು ಕೊಡು. ಒಡೆದು ನೋಡಬೇಡ.

ಹಾಡಿನದು ನಿನ್ನಿಷ್ಟ. ಒತ್ತಿದ ಮೊಹರನ್ನು ನಾನು ವಾಪಸು ಕೇಳುವುದಿಲ್ಲ.

ತೆತ್ಸು


ಕವಾಗೊಎ
18 ಸೆಪ್ಟೆಂಬರ್ 2023

ತೆತ್ಸು,

ಹಾಡು ಹೋಗುತ್ತಿದೆ, ಹನ್ನೊಂದನೆಯದಾಗಿಯೇ. ನಿನ್ನ ಚರಣ, ಪಲ್ಲವಿ, ಆಮೇಲೆ ನನ್ನ ಹದಿನಾರು ಸಾಲಿನ ಜಾಗದಲ್ಲಿ ಬರೀ ತಾಳ. ನನ್ನ ಧ್ವನಿಯನ್ನು ಅಳಿಸಿಹಾಕಿಸಿದೆ. ನಾನಾಸೆ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಅವಳಿಗೂ ಕಾರಣ ಹೇಳಿದೆ. ಆಫೀಸಿನಲ್ಲಿ ಈಗ ಎಲ್ಲರಿಗೂ ಗೊತ್ತು. ಚಹಾದ ಯಂತ್ರದ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತದೆ. ಕೊಹಾರುಗೆ ನಿನ್ನ ಚರಣ ಕೇಳಿಸು, ಅದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ.

ನಿಮ್ಮ ಅಮ್ಮನ ಲಕೋಟೆ ನಾಲ್ಕು ವಾರ ನನ್ನ ಚೀಲದಲ್ಲಿತ್ತು. ಎರಡು ಸಲ ಕವಾಗೊಎಗೆ ಬಂದು ಊಟ ಮಾಡಿ, ಕೊಡದೆ ಹೋದೆ. ಇವತ್ತು ಹಿರಿಯರ ದಿನದ ರಜೆ. ಅಪ್ಪ ಗಾಲ್ಫಿಗೆ ಹೋದ ಮೇಲೆ ಮೊದಲು ನಾನೇ ಎಲ್ಲ ಹೇಳಿ, ಆಮೇಲೆ ಅಡುಗೆಮನೆಯ ಮೇಜಿನ ಮೇಲೆ ಅದನ್ನಿಟ್ಟೆ.

ಅಮ್ಮ ಎರಡು ಸಲ ಓದಿದಳು. ನನಗೆ ಕೊಡಲಿಲ್ಲ. ಒಂದು ಸಾಲನ್ನು ಮಾತ್ರ ಗಟ್ಟಿಯಾಗಿ ಓದಿದಳು: 'ನಿಮ್ಮ ಆಯುಸ್ಸಿಗೆ ನನ್ನ ಕೈಯಿಂದ ಕುಂದು ಬಂದಿದ್ದರೆ ಅದನ್ನು ನನ್ನದರಲ್ಲಿ ಕಳೆಯಲಿ ಎಂದು ಬೇಡಿಕೊಳ್ಳುತ್ತಿದ್ದೇನೆ.' ಓದಿ ಪತ್ರವನ್ನು ಮಡಚಿ, ಎರಡು ಕೈಯಲ್ಲೂ ಹಿಡಿದುಕೊಂಡು ಕೂತಳು. ಇಷ್ಟು ಒಳ್ಳೆಯವರು ಎರಡು ವರ್ಷ ನಿನಗೆ ಊಟ ಹಾಕಿದರು, ನಾನು ಒಂದು ಪೊಟ್ಟಣ ಚಹಾ ಕೂಡ ಕಳಿಸಲಿಲ್ಲ, ಅವರು ನನ್ನನ್ನು ಏನೆಂದುಕೊಂಡಿದ್ದಾರು ಎಂದಳು. ಸತ್ತವಳೆಂದುಕೊಂಡಿದ್ದರು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವಳಿಗೇ ಹೊಳೆಯಿತು.

ಆ ಹಾಡು ಹಾಕು ಎಂದಳು. ಬೇಡ ಅಮ್ಮ, ಆ ಭಾಗ ತೆಗೆದಾಗಿದೆ ಎಂದೆ. ತೆಗೆಯದೆ ಇರುವುದನ್ನು ಹಾಕು ಎಂದಳು. ಫೋನಿನಲ್ಲಿತ್ತು, ಹಾಕಿದೆ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಪಿಯಾನೊ ಪರೀಕ್ಷೆಗಳಿಗೆ ಬಂದು ಕೂರುತ್ತಿದ್ದಳಲ್ಲ, ಹಾಗೇ ಕೂತು ಕೇಳಿದಳು. ನಿನ್ನ ಚರಣಕ್ಕೆ ಕಣ್ಣೊರೆಸಿಕೊಂಡಳು. ನನ್ನದಕ್ಕೆ ಒರೆಸಿಕೊಳ್ಳಲಿಲ್ಲ. ಆಸ್ಪತ್ರೆಯ ಉದ್ದನೆಯ ದಾರಿ, ಮುಖದ ಮೇಲಿನ ಬಿಳಿ ಬಟ್ಟೆ, ನಾನು ಹಿಡಿದ ತಣ್ಣಗಿನ ಕೈ ಎಲ್ಲ ಮುಗಿಯುವವರೆಗೂ ಗೋಡೆ ನೋಡುತ್ತಿದ್ದಳು.

ಮುಗಿದ ಮೇಲೆ ಕೇಳಿದಳು: 'ಏನಾಗಿ ಸತ್ತೆ ನಾನು?'

ತೆತ್ಸು, ಹಾಡಿನಲ್ಲಿ ಅದಿಲ್ಲ. ಹದಿನಾರು ಸಾಲು ಹುಡುಕಿದರೂ ಇಲ್ಲ. ಇಷ್ಟು ವರ್ಷದಲ್ಲಿ ನೀನು ಕೇಳಲಿಲ್ಲ, ನಿಮ್ಮ ಅಮ್ಮ ಕೇಳಲಿಲ್ಲ, ಮಗುವಿಗೆ ನೋವಾಗುತ್ತದೆ ಎಂದು. ಅದರ ಬಗ್ಗೆ ನಾನು ಯೋಚಿಸಿರಲಿಲ್ಲ ಅಮ್ಮ ಎಂದೆ.

'ಅಷ್ಟೂ ಯೋಚಿಸಲಿಲ್ಲವಾ' ಎಂದಳು. ಗಟ್ಟಿಯಾಗಿ ಹೇಳಲಿಲ್ಲ. ಎದ್ದು ಒಳಗಿನಿಂದ ಕಾಗದ, ಕನ್ನಡಕ ತಂದು ನಿಮ್ಮ ಅಮ್ಮನಿಗೆ ಉತ್ತರ ಬರೆಯಲು ಕೂತಿದ್ದಾಳೆ. ನಾನು ಅದೇ ಮೇಜಿನ ಈ ಬದಿಯಲ್ಲಿ ನಿನಗೆ ಇದನ್ನು ಬರೆಯುತ್ತಿದ್ದೇನೆ. ಒಂದು ಗಂಟೆಯಾಯಿತು. ಎರಡು ಹಾಳೆ ಹರಿದಳು, ಮೂರನೆಯದು ನಡೆಯುತ್ತಿದೆ. ನನಗೆ ಕಾಣದಂತೆ ಎಡಗೈ ಅಡ್ಡ ಇಟ್ಟುಕೊಂಡಿದ್ದಾಳೆ.

ಆ ಪತ್ರ ನಾಡಿದ್ದು ನಿಮಗೆ ತಲುಪುತ್ತದೆ. ನಿಮ್ಮ ಅಮ್ಮ ಓದಿ ಹೇಳೆಂದರೆ ಓದಿ ಹೇಳು. ಅದರಲ್ಲಿ ಏನಿತ್ತೆಂದು ನನಗೆ ತಿಳಿಸಬೇಡ. ಅವರಿಬ್ಬರ ನಡುವೆ ಇನ್ನು ಮೇಲಾದರೂ ನಾನು ಇರಬಾರದು.

ಶುನ್ಪೇ